70 ನಿಮಿಷದ ಜಾಣತನ

ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಒಂದು ಸ್ಪರ್ಧೆ ಸದಾ ನಡೀತಿರುತ್ತೆ. ಯಾರು ಎಷ್ಟು ಕಮ್ಮಿ ಟೈಮಲ್ಲಿ ಯುರೋಪಿನಲ್ಲಿ ವಿಮಾನ ಬದಲಾಯಿಸಿದರು ಅಂತ. 'ಫ್ರಾಂಕ್‌ಫರ್ಟ್‌ನಲ್ಲಿ 50 ನಿಮಿಷ ಗುರು, ಗೇಟ್ ಮುಚ್ಚೋಕೆ ಎರಡು ನಿಮಿಷ ಇದ್ದಾಗ ನುಗ್ಗಿದೆ' ಅಂತ ಒಬ್ಬ. 'ನಂಗೆ ವಿಯೆನ್ನಾದಲ್ಲಿ 35' ಅಂತ ಇನ್ನೊಬ್ಬಳು. ಮ್ಯಾರಥಾನ್ ಟೈಮಿಂಗ್ ಹೇಳ್ಕೊಂಡ ಹಾಗೆ. ವಿಮಾನ ತಪ್ಪಿಸಿಕೊಂಡವರು ಮಾತ್ರ ಈ ಸ್ಪರ್ಧೆಗೆ ಹೆಸರು ಕೊಡಲ್ಲ. ಕಾಫಿ ಮುಗಿಸಿ ಸುಮ್ಮನೆ ಎದ್ದು ಹೋಗ್ತಾರೆ. ಹಾಗಾಗಿ ಆ ಮೇಜಿನ ಸುತ್ತ ಕೂತವರಿಗೆಲ್ಲ ಯುರೋಪಿನಲ್ಲಿ ಯಾರಿಗೂ ಕನೆಕ್ಷನ್ ತಪ್ಪೋದೇ ಇಲ್ಲ ಅನ್ನೋ ನಂಬಿಕೆ.

ನಾನೂ ಆ ಮೇಜಿನವನೇ. ನನ್ನ ದಾಖಲೆ 55 ನಿಮಿಷ. ಅದೇ ಜಂಬದಲ್ಲಿ ಅಪ್ಪ ಅಮ್ಮನಿಗೆ 70 ನಿಮಿಷದ ಕನೆಕ್ಷನ್ ಬುಕ್ ಮಾಡಿದೆ.

ಅಕ್ಕನಿಗೆ ಬಾಸ್ಟನ್‌ನಲ್ಲಿ ಹೆರಿಗೆಯ ದಿನ ಹತ್ತಿರ ಬಂದಿತ್ತು. ಬಾಣಂತನಕ್ಕೆ ಮೈಸೂರಿಂದ ಇಬ್ಬರೂ ಹೊರಟರು. ಅಮ್ಮನಿಗೆ ಮಂಡಿ ನೋವು, ಹಾಗಾಗಿ ವೀಲ್‌ಚೇರ್ ಹೇಳಿದ್ದೆ. ಬೆಂಗಳೂರಿಂದ ಯುರೋಪಿನ ಒಂದು ದೊಡ್ಡ ವಿಮಾನ ನಿಲ್ದಾಣ, ಅಲ್ಲಿಂದ ಬಾಸ್ಟನ್. ಒಂದೇ ಟಿಕೆಟ್, ಒಳ್ಳೇ ಕಂಪನಿ, ಒಟ್ಟು ಪ್ರಯಾಣದ ಸಮಯ ಪಟ್ಟಿಯಲ್ಲೇ ಎಲ್ಲಕ್ಕಿಂತ ಕಮ್ಮಿ. ಬುಕ್ ಮಾಡಿದಾಗ ಏನೋ ಗೆದ್ದ ಹಾಗೆ ಅನಿಸಿತ್ತು.

ಲೆಕ್ಕ ನೋಡಿ. ವಿಮಾನ 25 ನಿಮಿಷ ತಡ. ಅದು ಅಂಥ ದೊಡ್ಡ ತಡವೂ ಅಲ್ಲ, ಹತ್ತು ಗಂಟೆ ಹಾರಿ ಬಂದ ವಿಮಾನಕ್ಕೆ ಅಷ್ಟು ಮಾಫಿ. 70ರಲ್ಲಿ ಉಳಿದದ್ದು 45. ಮುಂದಿನ ಗೇಟ್ ಹೊರಡೋಕೆ 20 ನಿಮಿಷ ಮೊದಲೇ ಮುಚ್ಚುತ್ತೆ, ಉಳಿದದ್ದು 25. ವೀಲ್‌ಚೇರ್ ಬೇಕಾದವರು ಎಲ್ಲರೂ ಇಳಿದ ಮೇಲೆ ಇಳೀಬೇಕು. ಅಪ್ಪ ಅಮ್ಮನ ಸೀಟಿದ್ದದ್ದು ಹಿಂದುಗಡೆ. ಇಬ್ಬರೂ ವಿಮಾನದ ಬಾಗಿಲು ದಾಟುವ ಹೊತ್ತಿಗೆ ಆ 25 ನಿಮಿಷವೂ ಹೋಗಿತ್ತು. ಸೆಕ್ಯುರಿಟಿ ಸಾಲಿನ ಮುಖ ನೋಡೋ ಮೊದಲೇ ಲೆಕ್ಕ ಮುಗಿದಿತ್ತು. ಇದರಲ್ಲಿ ಯಾರೂ ಏನೂ ತಪ್ಪು ಮಾಡಿಲ್ಲ, ಬುಕ್ ಮಾಡಿದ ನನ್ನನ್ನು ಬಿಟ್ಟು. ಮಾರಿದವರನ್ನೂ ಬಿಟ್ಟು ಅನ್ನಬೇಕು, ಅದಕ್ಕೇ ಈಗ ಬರ್ತೀನಿ.

'ಕಾನೂನುಬದ್ಧ ಕನೆಕ್ಷನ್ ಕಣೋ ಅದು, ಇಲ್ದಿದ್ರೆ ಸೈಟಲ್ಲಿ ತೋರಿಸ್ತಾನೇ ಇರಲಿಲ್ಲ' ಅಂತ ಕೆಫೆಟೇರಿಯಾದ ಗೆಳೆಯ ನನಗೆ ಸಮಾಧಾನ ಹೇಳಿದ. ಈ 'ಕಾನೂನುಬದ್ಧ' ಅನ್ನೋ ಮಾತೇ ನಮ್ಮನ್ನು ಕೆಡಿಸಿರೋದು. ಪ್ರತಿ ವಿಮಾನ ನಿಲ್ದಾಣಕ್ಕೂ ಮಿನಿಮಮ್ ಕನೆಕ್ಟಿಂಗ್ ಟೈಮ್ ಅಂತ ಒಂದಿರುತ್ತೆ. ಅದಕ್ಕಿಂತ ಕಮ್ಮಿ ಅಂತರದ ಎರಡು ವಿಮಾನಗಳನ್ನು ಬುಕಿಂಗ್ ವ್ಯವಸ್ಥೆ ಒಂದೇ ಟಿಕೆಟ್‌ನಲ್ಲಿ ಜೋಡಿಸಲ್ಲ. ಫ್ರಾಂಕ್‌ಫರ್ಟ್ ತನ್ನದು 45 ನಿಮಿಷ ಅಂತ ವರ್ಷಗಳಿಂದ ಹೇಳಿಕೊಂಡು ಬಂದಿದೆ. ವಿಯೆನ್ನಾ ಇನ್ನೂ ಮುಂದೆ ಹೋಗಿ 25 ಅಂತ ಜಾಹೀರಾತು ಮಾಡುತ್ತೆ. ಈ ಅಂಕಿಗೆ ಟರ್ಮಿನಲ್ ಗೊತ್ತು, ವಿಮಾನ ಕಂಪನಿ ಗೊತ್ತು, ಒಳನಾಡೋ ಹೊರನಾಡೋ ಅನ್ನೋದೂ ಗೊತ್ತು. ಪ್ರಯಾಣಿಕರ ಕೈಲಿರುವ ಪಾಸ್‌ಪೋರ್ಟ್ ಯಾವ ಬಣ್ಣದ್ದು ಅಂತ ಗೊತ್ತಿಲ್ಲ. ಸೀಟು 12ನೇ ಸಾಲಿನಲ್ಲೋ 52ನೇ ಸಾಲಿನಲ್ಲೋ ಗೊತ್ತಿಲ್ಲ. ಅಮ್ಮನ ಮಂಡಿಯಂತೂ ಗೊತ್ತೇ ಇಲ್ಲ. ಎಲ್ಲ ಸರಿಯಾಗಿ ನಡೆದರೆ ಆಗಬಹುದು ಅನ್ನೋ ಅಂಕಿಯನ್ನ ನಾವು ಆಗೇ ಆಗುತ್ತೆ ಅಂತ ಓದಿಕೊಳ್ತೀವಿ.

ನಮ್ಮ ಊರಿಂದ ಹೋಗುವವರಿಗೆ ಇದರ ಮೇಲೆ ಎರಡು ಮೆಟ್ಟಿಲು ಜಾಸ್ತಿ. ಒಂದು, ಸೆಕ್ಯುರಿಟಿ. ಅಮೆರಿಕ, ಬ್ರಿಟನ್, ಕೆನಡಾ, ಸಿಂಗಾಪುರದಂಥ ಕೆಲವು ದೇಶಗಳ ತಪಾಸಣೆಯನ್ನು ಯುರೋಪಿಯನ್ ಒಕ್ಕೂಟ ತನ್ನದಕ್ಕೆ ಸಮ ಅಂತ ಒಪ್ಪಿಕೊಂಡಿದೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಬೆಂಗಳೂರಿನಲ್ಲಿ ಬೆಲ್ಟು ಬಿಚ್ಚಿ, ಲ್ಯಾಪ್‌ಟಾಪ್ ತೆಗೆದು ತೋರಿಸಿದ್ದೆಲ್ಲ ಅಲ್ಲಿ ಲೆಕ್ಕಕ್ಕಿಲ್ಲ. ಇನ್ನೊಂದು ಸಾಲು, ಇನ್ನೊಂದು ಟ್ರೇ, ಬೆಂಗಳೂರಲ್ಲಿ ಸೆಕ್ಯುರಿಟಿ ಮುಗಿದ ಮೇಲೆ ಕೊಂಡ ನೀರಿನ ಬಾಟಲಿ ಕಸದ ಬುಟ್ಟಿಗೆ.

ಎರಡನೇದು ಯುರೋಪಿನೊಳಗೇ ಹೋಗುವವರಿಗೆ. ಆನ್‌ಸೈಟ್ ಅಂತ ಮೊದಲ ಸಲ ಗೋಥೆನ್‌ಬರ್ಗ್‌ಗೆ ಹೊರಟ ಹುಡುಗನಿಗೆ ಇಮಿಗ್ರೇಶನ್ ಸ್ವೀಡನ್‌ನಲ್ಲಿ ಆಗುತ್ತೆ ಅನ್ನೋ ಭಾವನೆ. ಆಗಲ್ಲ. ಷೆಂಗೆನ್‌ನೊಳಗೆ ಮೊದಲು ಕಾಲಿಡುವ ಊರಲ್ಲೇ ಪಾಸ್‌ಪೋರ್ಟ್ ತೋರಿಸಬೇಕು. ಅವನು ಫ್ರಾಂಕ್‌ಫರ್ಟ್ ಮೇಲೆ ಹೋದರೆ ಅವನ ಯುರೋಪು ಶುರುವಾಗೋದು ಫ್ರಾಂಕ್‌ಫರ್ಟ್‌ನ ಆ ಉದ್ದನೆಯ ಸಾಲಿನಲ್ಲಿ. ಅಲ್ಲಿ ಒಂದೇ ಕಟ್ಟಡದ ಕೆಳ ಮಹಡಿಯ ಎ ಗೇಟುಗಳು ಷೆಂಗೆನ್‌ಗೆ, ಅದರ ತಲೆ ಮೇಲಿನ ಝಡ್ ಗೇಟುಗಳು ಹೊರಗಿನ ದೇಶಗಳಿಗೆ. ನಕ್ಷೆಯಲ್ಲಿ ಎರಡಕ್ಕೂ ಒಂದು ಎಸ್ಕಲೇಟರ್ ಅಂತರ. ನಡುವೆ ಗಾಜಿನ ಗೂಡಿನಲ್ಲಿ ಒಬ್ಬ ಅಧಿಕಾರಿ. 2025ರ ಅಕ್ಟೋಬರ್ 12ರಿಂದ ಶುರುವಾದ ಹೊಸ ವ್ಯವಸ್ಥೆಯಲ್ಲಿ ಹೊರದೇಶದವರು ಬೆರಳಚ್ಚು, ಮುಖದ ಫೋಟೊ ಕೂಡ ಕೊಡಬೇಕು. ಪಕ್ಕದ ಸೀಟಿನಲ್ಲಿ ಕೂತು ಬಂದ ಜರ್ಮನ್ ಆಸಾಮಿ ಪಾಸ್‌ಪೋರ್ಟನ್ನು ಯಂತ್ರಕ್ಕೆ ತೋರಿಸಿ ಹೊರಟೇ ಹೋಗಿರ್ತಾನೆ. ಇಬ್ಬರಿಗೂ ಮಾರಿದ್ದು ಅದೇ 60 ನಿಮಿಷ.

ಸರಿ, ಅಪ್ಪ ಅಮ್ಮನ ಕಥೆಗೆ ಬರೋಣ. 'ತಪ್ಪಿದ್ರೆ ಏನೀಗ, ಮುಂದಿನ ವಿಮಾನಕ್ಕೆ ಹಾಕ್ತಾರೆ' ಅನ್ನೋದು ಆ ಮೇಜಿನ ಇನ್ನೊಂದು ವೇದವಾಕ್ಯ. ಹಾಕಿದರು. ಜೂನ್ ತಿಂಗಳು, ಅವತ್ತು ಯಾವ ವಿಮಾನದಲ್ಲೂ ಎರಡು ಸೀಟಿರಲಿಲ್ಲ, ಮಾರನೇ ದಿನದ್ದಕ್ಕೆ ಹಾಕಿದರು. ಕೌಂಟರಿನವರು ಪಾಪ ಒಳ್ಳೆಯವರೇ, ಊಟಕ್ಕೆ ಕೂಪನ್, ರಾತ್ರಿಗೆ ಹೋಟೆಲ್ ಕೂಪನ್ ಕೊಟ್ಟರು. ಹೋಟೆಲ್ ಇದ್ದದ್ದು ಹೊರಗೆ. ಹೊರಗೆ ಹೋಗೋಕೆ ಷೆಂಗೆನ್ ವೀಸಾ ಬೇಕು. ಅಪ್ಪ ಅಮ್ಮನ ಹತ್ತಿರ ಇದ್ದದ್ದು ಅಮೆರಿಕದ ವೀಸಾ, ಅದರ ಬಲದಲ್ಲಿ ಒಳಗೊಳಗೇ ವಿಮಾನ ಬದಲಾಯಿಸಬಹುದು, ಅಷ್ಟೇ. ಹೋಟೆಲ್ ಕೂಪನ್ ಕೈಲಿಟ್ಟುಕೊಂಡು ಇಬ್ಬರೂ ರಾತ್ರಿಯೆಲ್ಲ ಕುರ್ಚಿ ಮೇಲೆ ಕೂತಿದ್ದರು. ಅಮ್ಮನ ಬಿಪಿ ಮಾತ್ರೆ ಚೆಕ್-ಇನ್ ಬ್ಯಾಗಲ್ಲಿತ್ತು. ಒಂದು ದಿನದ್ದು ಮಾತ್ರ ಕೈಲಿಟ್ಟುಕೊಂಡಿದ್ಲು, ಯಾಕಂದ್ರೆ ಮಗ ಹೇಳಿದ್ದ, ನಾಳೆ ಹೊತ್ತಿಗೆ ಅಕ್ಕನ ಮನೇಲಿರ್ತೀರಾ ಅಂತ.

'ಏನೂ ಆಗ್ಲಿಲ್ಲ ಕಣೋ, ಸುಮ್ನೆ ಕೂತಿದ್ವಿ, ಬೆಚ್ಚಗಿತ್ತು' ಅಂದ್ಲು ಅಮ್ಮ ಫೋನಲ್ಲಿ. ಅಪ್ಪ ಫೋನ್ ತಗೊಳ್ಳಲೇ ಇಲ್ಲ.

ಏನೂ ಆಗಲಿಲ್ಲ, ನಿಜ. ಇಬ್ಬರೂ ಒಂದು ದಿನ ತಡವಾಗಿ ತಲುಪಿದರು, ಅಂಟಿನುಂಡೆ ಇದ್ದ ಬ್ಯಾಗು ಇನ್ನೂ ಎರಡು ದಿನ ಬಿಟ್ಟು ಬಂತು, ಅಕ್ಕನಿಗೆ ಮಗುವಾದದ್ದು ಅದಾದ ವಾರಕ್ಕೆ. ಆದರೆ ಮಾತ್ರೆ ಇಲ್ಲದ ಆ ರಾತ್ರಿ ಏನೂ ಆಗದೇ ಇದ್ದದ್ದು ನನ್ನ ಪ್ಲಾನಿಂಗ್‌ನಿಂದ ಅಲ್ಲವಲ್ಲ.

ಈಗ ದುಡ್ಡಿನ ವಿಷಯ. ಯುರೋಪಿನಲ್ಲಿ ಪ್ರಯಾಣಿಕರಿಗೆ ಭಾರೀ ಹಕ್ಕಿದೆ ಅಂತ ಎಲ್ಲರೂ ಕೇಳಿರ್ತೀರಿ. ಇದೆ, 2004ರ 261ನೇ ನಿಯಮ. ಕನೆಕ್ಷನ್ ತಪ್ಪಿ ಕೊನೆಯ ಊರಿಗೆ ಮೂರು ಗಂಟೆಗಿಂತ ತಡವಾಗಿ ತಲುಪಿದರೆ, ತಪ್ಪು ಕಂಪನಿಯದಾದರೆ, ದೂರದ ಪ್ರಯಾಣಕ್ಕೆ 600 ಯೂರೋ. ಬ್ರೆಮೆನ್‌ನಿಂದ ಪ್ಯಾರಿಸ್, ಸಾವೊ ಪಾವ್ಲೊ ಮೇಲೆ ಪರಾಗ್ವೆಯ ಅಸುನ್ಸಿಯಾನ್‌ಗೆ ಹೊರಟ ಪ್ರಯಾಣಿಕರೊಬ್ಬರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2013ರಲ್ಲೇ ಇದನ್ನು ಸ್ಪಷ್ಟ ಮಾಡಿತು. ಮೊದಲ ವಿಮಾನದ ತಡ ಎರಡೂವರೆ ಗಂಟೆಯೊಳಗೇ ಇತ್ತು, ಆದರೆ ಕೊನೆಗೆ ತಲುಪಿದ್ದು 11 ಗಂಟೆ ತಡವಾಗಿ. ಲೆಕ್ಕಕ್ಕೆ ಬರೋದು ಕೊನೆಯ ಊರಿನ ತಡ ಅಂತ ತೀರ್ಪು. ಇದನ್ನೆಲ್ಲ ಓದಿಕೊಂಡು ನಾನು ಮೂರು ವಾರ ವಿಮಾನ ಕಂಪನಿಗೆ ಮೇಲ್ ಮೇಲೆ ಮೇಲ್ ಹಾಕಿದೆ.

ಅವರ ಉತ್ತರ ಎರಡು ಸಾಲು. ಈ ನಿಯಮ ನಿಮಗೆ ಅನ್ವಯಿಸುವುದಿಲ್ಲ ಅಂತ. ಸುಳ್ಳು ಹೇಳ್ತಿದ್ದಾರೆ ಅಂದುಕೊಂಡೆ. ಸುಳ್ಳಲ್ಲ. ಮೊಲ್ಡೋವಾದ ಕಿಶಿನೌನಿಂದ ವಿಯೆನ್ನಾ ಮೇಲೆ ಬ್ಯಾಂಕಾಕ್‌ಗೆ ಹೋಗುವ ಟಿಕೆಟ್ಟಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಹೇಳಿದೆ: ಒಂದೇ ಬುಕಿಂಗ್‌ನಲ್ಲಿ ಹೊರಟ ಊರೂ ಒಕ್ಕೂಟದ ಹೊರಗೆ, ತಲುಪುವ ಊರೂ ಹೊರಗೆ ಇದ್ದು, ನಡುವೆ ಮಾತ್ರ ಯುರೋಪಿನಲ್ಲಿ ವಿಮಾನ ಬದಲಾಯಿಸಿದರೆ ಈ ನಿಯಮದ ರಕ್ಷಣೆ ಇಲ್ಲ. ಅಂದರೆ ಹ್ಯಾಂಬರ್ಗ್‌ನಿಂದ ಬಂದು ಅದೇ ಬಾಸ್ಟನ್ ವಿಮಾನ ತಪ್ಪಿಸಿಕೊಂಡವನು 600 ಯೂರೋ ಕೇಳಬಹುದು. ಬೆಂಗಳೂರಿನಿಂದ ಬಂದು ತಪ್ಪಿಸಿಕೊಂಡವರಿಗೆ ಕೂಪನ್. ಬೆಂಗಳೂರಿನಿಂದ ಹ್ಯಾಂಬರ್ಗ್‌ವರೆಗೆ ಮಾತ್ರ ಯುರೋಪಿನ ಕಂಪನಿಯ ವಿಮಾನದಲ್ಲಿ ಹೋಗಿದ್ದರೆ ನಮಗೂ ರಕ್ಷಣೆ ಇರ್ತಿತ್ತು. ಅಮೆರಿಕಕ್ಕೆ ಹೋಗ್ತಿದ್ದೀವಿ ಅನ್ನೋದೊಂದೇ ಕಾರಣಕ್ಕೆ ಇಲ್ಲ. ಉಳಿದಿರೋದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತವೂ ಅದರಲ್ಲಿದೆ, ತಡವಾದದ್ದಕ್ಕೆ ಪರಿಹಾರ ಕೇಳಬಹುದು, ಆದರೆ ನಷ್ಟ ಎಷ್ಟು ಅಂತ ರಸೀದಿ ಸಮೇತ ನೀವೇ ತೋರಿಸಬೇಕು. ಕುರ್ಚಿ ಮೇಲೆ ಕಳೆದ ರಾತ್ರಿಗೆ ರಸೀದಿ ಎಲ್ಲಿಂದ ತರೋದು?

ಹಾಗಾಗಿ ನನ್ನ ತಕರಾರು ಇಷ್ಟು. 70 ನಿಮಿಷದ ಕನೆಕ್ಷನ್ ಮಾರಿದರೆ ಕಂಪನಿಗೆ ಲಾಭ. ವಿಮಾನಗಳು ಗುಂಪುಗುಂಪಾಗಿ ಬಂದು ಗುಂಪುಗುಂಪಾಗಿ ಹೊರಡುವ ಹಾಗೆ ವೇಳಾಪಟ್ಟಿ ಮಾಡಿರ್ತಾರೆ, ಬುಕಿಂಗ್ ಸೈಟಿನಲ್ಲಿ ಕಮ್ಮಿ ಸಮಯದ ಟಿಕೆಟ್ ಮೇಲೆ ಬರುತ್ತೆ, ಮೇಲೆ ಬಂದದ್ದು ಖರ್ಚಾಗುತ್ತೆ. ತಪ್ಪಿದಾಗ ನಮ್ಮಂಥವರಿಗೆ ಅವರು ಕೊಡಬೇಕಾದ್ದು ಹೆಚ್ಚೇನಿಲ್ಲ. ಗೆಲುವೆಲ್ಲ ಅವರ ಕಡೆ, ಸೋಲೆಲ್ಲ ನಮ್ಮ ಕಡೆ ಇರುವ ಆಟಕ್ಕೆ ನಾವು 'ಸ್ಮಾರ್ಟ್ ಬುಕಿಂಗ್' ಅಂತ ಹೆಸರಿಟ್ಟಿದ್ದೀವಿ. ಟಿಕೆಟ್ ಮಾರುವಾಗ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳ್ತಾರೆ, ವೀಲ್‌ಚೇರ್ ಬೇಕಾ ಅಂತ ಕೇಳ್ತಾರೆ. ಎರಡನ್ನೂ ತಿಳ್ಕೊಂಡ ಮೇಲೆ, ಈ ಕನೆಕ್ಷನ್ ನಿಮಗೆ ಕಷ್ಟ ಅಂತ ಒಂದು ಸಾಲು ಯಾಕೆ ಹೇಳಬಾರದು? ಊಟಕ್ಕೆ ಜೈನ್ ಮೀಲ್ ಬೇಕಾ ಅಂತ ಎರಡು ಸಲ ಕೇಳುವ ವ್ಯವಸ್ಥೆಗೆ ಇದು ಮೀರಿದ ವಿದ್ಯೆ ಏನಲ್ಲ.

ಕಂಪನಿಗಳ ಟ್ರಾವೆಲ್ ಡೆಸ್ಕಿನವರೂ ಕಮ್ಮಿ ಇಲ್ಲ. ಎರಡು ಸಾವಿರ ಉಳಿಸೋಕೆ ಹುಡುಗನ್ನ 50 ನಿಮಿಷದ ಕನೆಕ್ಷನ್‌ಗೆ ಹಾಕ್ತಾರೆ, ಅವನು ಕ್ಲೈಂಟ್ ಮೀಟಿಂಗ್ ತಪ್ಪಿಸಿಕೊಂಡರೆ ಮ್ಯಾನೇಜರ್ ಅವನನ್ನೇ ಕೇಳ್ತಾನೆ. ಬೇರೆಬೇರೆ ಟಿಕೆಟ್ ಜೋಡಿಸಿ ದುಡ್ಡು ಉಳಿಸುವವರ ಬಗ್ಗೆ ಮಾತಾಡೋದೇ ಬೇಡ. ಅಲ್ಲಿ ಎರಡನೇ ಕಂಪನಿಗೆ ನೀವು ಯಾರೋ, ತಪ್ಪಿದರೆ ಹೊಸ ಟಿಕೆಟ್ಟು.

'ಇರೋದು ಹದಿನೈದು ದಿನ ರಜೆ, ಆರು ಗಂಟೆ ವಿಮಾನ ನಿಲ್ದಾಣದಲ್ಲಿ ಕೂರೋಕಾಗುತ್ತಾ?' ಅಂತೀರಿ. ನ್ಯಾಯವೇ. ಮೂವತ್ತು ವರ್ಷ, ಬೆನ್ನಿಗೊಂದು ಬ್ಯಾಗು, ಮುಂದಿನ ಸಾಲಿನ ಸೀಟು, ಓಡೋ ಶೂ ಇದ್ರೆ ಧಾರಾಳವಾಗಿ 50 ನಿಮಿಷ ತಗೊಳ್ಳಿ. ನಿಮ್ಮ ಕಾಲು, ನಿಮ್ಮ ಇಷ್ಟ. ಆದರೆ ಅದೇ ಕೈಯಲ್ಲಿ ಅಪ್ಪ ಅಮ್ಮನ ಟಿಕೆಟ್ ಬುಕ್ ಮಾಡಬೇಡಿ. ಇಂಗ್ಲಿಷ್ ಬೋರ್ಡು ಓದಿಕೊಂಡು ಓಡೋಕಾಗಲ್ಲ ಅಂತಲೇ ನಮ್ಮೂರಿನ ಎಷ್ಟೋ ಹಿರಿಯರು, ನಡೆಯೋಕೆ ಬಂದರೂ, ವೀಲ್‌ಚೇರ್ ಹೇಳ್ತಾರೆ. ದಾರಿ ತೋರಿಸೋಕೆ ಒಬ್ಬ ಮನುಷ್ಯ ಜೊತೆಗಿರಲಿ ಅಂತ. ಆ ಮನುಷ್ಯ ಬರೋವರೆಗೂ ಕಾಯೋ ಹೊತ್ತನ್ನು ಸೈಟು ಲೆಕ್ಕಕ್ಕೆ ತಗೊಂಡಿರಲ್ಲ. ನೀವು ತಗೊಳ್ಳಬೇಕು.

ನಮ್ಮಪ್ಪ ರೈಲಿಗೆ ಒಂದೂವರೆ ಗಂಟೆ ಮುಂಚೆ ಹೋಗಿ ಕೂರುವವರು. ಚಿಕ್ಕವರಿದ್ದಾಗ ಮೈಸೂರಿಂದ ಹುಬ್ಬಳ್ಳಿಗೆ ಅರಸೀಕೆರೆಯಲ್ಲಿ ರೈಲು ಬದಲಾಯಿಸಿ ಹೋಗ್ತಿದ್ವಿ. ನಡುವೆ ಮೂರು ಗಂಟೆ ಇಟ್ಟಿರೋರು. ಪ್ಲಾಟ್‌ಫಾರ್ಮ್ ಮೇಲೆ ಬೆಡ್‌ಶೀಟ್ ಹಾಸಿ, ಚಪಾತಿ ಪಲ್ಯ ತಿಂದು, ಅಕ್ಕ ನಾನು ಗೂಡ್ಸ್ ಗಾಡಿಯ ಬೋಗಿ ಎಣಿಸ್ತಾ ಕೂರ್ತಿದ್ವಿ. ದೊಡ್ಡವರಾದ ಮೇಲೆ ಇದನ್ನ ಎಲ್ಲರ ಮುಂದೆ ಹೇಳಿ ಹೇಳಿ ನಕ್ಕಿದ್ದೀವಿ.

ಈ ಡಿಸೆಂಬರ್‌ಗೆ ಇಬ್ಬರೂ ಮೊಮ್ಮಗಳನ್ನು ನೋಡೋಕೆ ಮತ್ತೆ ಹೊರಟಿದ್ದಾರೆ. ನಾನು ಟಿಕೆಟ್ ನೋಡ್ತಿದ್ದಾಗ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. 'ನಡುವೆ ನಾಲ್ಕು ಗಂಟೆ ಇರೋದು ಯಾವ್ದೂ ಇಲ್ವೇನೋ?' ಅಂತ ಕೇಳಿದರು. ಇತ್ತು, ಪಟ್ಟಿಯಲ್ಲಿ ತುಂಬ ಕೆಳಗೆ. ಇಬ್ಬರಿಗೂ ಸೇರಿ ಏಳು ಸಾವಿರ ಜಾಸ್ತಿ. ತಗೊಂಡೆ. ಬಿಪಿ ಮಾತ್ರೆ ಈ ಸಲ ಹದಿನೈದು ದಿನದ್ದು, ಅಮ್ಮನ ವ್ಯಾನಿಟಿ ಬ್ಯಾಗಲ್ಲೇ ಇದೆ.