ಹದಿನೈದು ದಿನದ ಓಟ

ಸಾಫ್ಟ್‌ವೇರ್ ಕೆಲಸ ನಡೆಸುವವರ ಲೋಕದಲ್ಲಿ ಹತ್ತು ವರ್ಷಕ್ಕೊಂದು ಹೊಸ ಮತ ಹುಟ್ಟುತ್ತದೆ. ಹುಟ್ಟಿದ ಕೂಡಲೇ ಹಳೆಯ ಮತದವರೆಲ್ಲ ಮೂಢರಾಗುತ್ತಾರೆ. ದೀಕ್ಷೆ ಕೊಡುವ ಗುರುಗಳು ಬರುತ್ತಾರೆ, ದೀಕ್ಷೆಗೆ ಫೀ ಇರುತ್ತದೆ, ಗೋಡೆಗೆ ತೂಗುಹಾಕಲು ಪ್ರಮಾಣಪತ್ರವೂ ಸಿಗುತ್ತದೆ. ನಾನು ಬೆಂಗಳೂರಿನಲ್ಲಿ ಇಪ್ಪತ್ತೈದು ವರ್ಷ ಇಂಥ ಪ್ರಾಜೆಕ್ಟುಗಳನ್ನು ನಡೆಸಿ ಈಗ ಊರಾದ ಬೈಲಹೊಂಗಲಕ್ಕೆ ಬಂದು ಕೂತವನು. ಈ ಮತಗಳೆಲ್ಲ ನನ್ನ ಕಣ್ಣೆದುರೇ ಬಂದು ಹೋದವು. ಕೊನೆಗೆ ಆ ಪರದೆಯ ಮುಂದೆ ನಿಲ್ಲಬೇಕಾದ ಮನುಷ್ಯನನ್ನು ಕೇಳಬೇಕೆಂದು ಮಾತ್ರ ಯಾವ ಗುರುವಿಗೂ ಅನ್ನಿಸಲಿಲ್ಲ.

ಹಳೆಯದಕ್ಕೆ ವಾಟರ್‌ಫಾಲ್ ಎಂದು ಹೆಸರು. ಏನು ಬೇಕೆಂಬುದನ್ನು ಮೊದಲೇ ಬರೆದು, ಸಹಿ ಹಾಕಿಸಿ, ಆಮೇಲೆ ಕಟ್ಟಿ, ಕಟ್ಟಿದ ಮೇಲೆ ಪರೀಕ್ಷಿಸಿ ಒಪ್ಪಿಸುವುದು. ನೀರು ಮೇಲಿಂದ ಕೆಳಗೆ ಬಿದ್ದಂತೆ. ಹಿಂದಕ್ಕೆ ಹತ್ತುವ ಮಾತೇ ಇಲ್ಲ. ಇದರ ಮೂಲಪುರುಷನೆಂದು ಹೇಳುವ ವಿನ್‌ಸ್ಟನ್ ರಾಯ್ಸ್ ತನ್ನ 1970ರ ಲೇಖನದಲ್ಲಿ ಇದರ ಚಿತ್ರ ಬರೆದು, ಹೀಗೆಯೇ ಮಾಡಿದರೆ ಅಪಾಯ ಎಂದೂ ಬರೆದಿದ್ದ. ಜಗತ್ತು ಚಿತ್ರವನ್ನಷ್ಟೇ ನಕಲು ಮಾಡಿಕೊಂಡಿತು. ಎರಡು ವರ್ಷ ಕಟ್ಟಿ ತಂದ ತಂತ್ರಾಂಶವನ್ನು ನೋಡಿ ಗಿರಾಕಿ, ‘ಇದಲ್ಲರೀ ನಾವು ಕೇಳಿದ್ದು’ ಎಂದದ್ದನ್ನು ನಾನೇ ಕೇಳಿದ್ದೇನೆ.

ಆಮೇಲೆ ಅಜೈಲ್ ಬಂತು. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಹಿಮದ ಬೆಟ್ಟದಲ್ಲಿ ಹದಿನೇಳು ಜನ ಸೇರಿ ಅದರ ಪ್ರಣಾಳಿಕೆ ಬರೆದರು. ಸ್ವಲ್ಪ ಸ್ವಲ್ಪ ಮಾಡು, ಬೇಗ ತೋರಿಸು, ಬಳಸುವವನೊಡನೆ ಮಾತಾಡು, ಬದಲಾಗಲು ಹಿಂಜರಿಯಬೇಡ. ಸರಿಯಾದ ಮಾತುಗಳೇ. ಆದರೆ ನಮ್ಮಲ್ಲಿಗೆ ಬರುವಾಗ ಮಾತಾಡುವುದು ದಾರಿಯಲ್ಲೆಲ್ಲೋ ಬಿದ್ದುಹೋಗಿ ಗಡಿಯಾರ ಮಾತ್ರ ಉಳಿಯಿತು. ಹದಿನೈದು ದಿನಕ್ಕೊಂದು ಸ್ಪ್ರಿಂಟ್, ಎಂದರೆ ಓಟ. ಓಟದ ಕೊನೆಗೊಂದು ಬಿಡುಗಡೆ. ಎಲ್ಲಿಗೆ ಓಡುತ್ತಿದ್ದೇವೆ ಎಂದು ಕೇಳಿದರೆ ಹಳೆಯ ಮತದವನೆಂಬ ಹಣೆಪಟ್ಟಿ.

ಬಳಸುವವನು ಇರುವ ಜಾಗಕ್ಕೆ ಹೋಗುವುದೆಂದರೆ ಏನು ಎಂಬುದಕ್ಕೆ ಉದಾಹರಣೆಯನ್ನು ಯೂಟಾದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಹೊಲದ ಉತಾರದಲ್ಲೇ ಇದೆ. ಮೈಸೂರು ಕಡೆಯವರು ಪಹಣಿ ಎನ್ನುವುದನ್ನು ನಾವು ಉತಾರ ಎನ್ನುತ್ತೇವೆ. ಇದನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯತ್ನ 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ, ಕೇಂದ್ರದ ದುಡ್ಡಿನಲ್ಲಿ ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಕಂಪ್ಯೂಟರು ಕೂತದ್ದು ಜಿಲ್ಲಾ ಕೇಂದ್ರದಲ್ಲಿ. ಉತಾರ ಬದಲಾಗುವುದು ತಾಲೂಕಿನಲ್ಲಿ. ರಾಮದುರ್ಗದಲ್ಲಿ ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಂಡ ಸುದ್ದಿ ನೂರು ಕಿಲೋಮೀಟರು ದಾಟಿ ಬೆಳಗಾವಿಯ ಕಂಪ್ಯೂಟರಿಗೆ ಮುಟ್ಟಬೇಕು. ಅಷ್ಟರಲ್ಲಿ ಒಬ್ಬ ತಮ್ಮ ತನ್ನ ಪಾಲನ್ನು ಮಾರಿರುತ್ತಾನೆ. ಯೋಜನೆ ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಆ ಸೋಲಿನ ಮೇಲೆ ‘ಭೂಮಿ’ ಬಂತು. ರಾಜೀವ್ ಚಾವ್ಲಾ ಎಂಬ ಅಧಿಕಾರಿ ಮುಂದೆ ನಿಂತು ನಡೆಸಿದರು. ತಂತ್ರಾಂಶ ಮಾಡಿದ್ದು ಎನ್‌ಐಸಿ. ಕಂಪ್ಯೂಟರನ್ನು ತಾಲೂಕು ಕಚೇರಿಗೇ ಒಯ್ದರು. ಸುಮಾರು 9,000 ತಲಾಟಿಗಳು ತಮ್ಮ ದಫ್ತರ ತಂದು ಕೊಡಬೇಕಾಯಿತು, ಟೈಪಾಗಿ ಬಂದದ್ದನ್ನು ಓದಿ ತಾಳೆ ನೋಡಬೇಕಾಯಿತು. ನೌಕರ ಬೆರಳಚ್ಚು ಕೊಡದೆ ಒಳಗೆ ಹೋಗುವಂತಿಲ್ಲ. ಮೊದಲು ಬಂದ ವರ್ದಿ ಮೊದಲು ತೀರಬೇಕು. ಜೇಬು ನೋಡಿ ಮುಂದೆ ತಳ್ಳುವಂತಿಲ್ಲ. 2002ರ ಹೊತ್ತಿಗೆ 177 ತಾಲೂಕುಗಳಲ್ಲಿ 67 ಲಕ್ಷ ರೈತರ ಎರಡು ಕೋಟಿ ಉತಾರಗಳು ಕಂಪ್ಯೂಟರಿನಲ್ಲಿದ್ದವು, 15 ರೂಪಾಯಿಗೆ ಒಂದು ಪ್ರತಿ, ಕೈಬರಹದ ಉತಾರ ರದ್ದು. ಈ ಕೆಲಸ ಶುರುವಾದಾಗ ಅಜೈಲ್ ಎಂಬ ಹೆಸರನ್ನೇ ಯಾರೂ ಇಟ್ಟಿರಲಿಲ್ಲ.

ಎಲ್ಲ ಸರಿಯಾಯಿತೆಂದಲ್ಲ. ಕಾಗದದಲ್ಲಿ ತಪ್ಪಿದ್ದ ಹೆಸರು ಪರದೆಯ ಮೇಲೂ ತಪ್ಪಾಗಿಯೇ ಬಂತು. ಊರಲ್ಲೇ ತಲಾಟಿಯ ಕೈಯಿಂದ ಸಿಗುತ್ತಿದ್ದ ಕಾಗದಕ್ಕೆ ತಾಲೂಕಿಗೆ ಅಲೆಯಬೇಕಾಯಿತು; ಆಮೇಲೆ ನಾಡಕಚೇರಿಗಳಲ್ಲಿ ಕೊಡತೊಡಗಿದ ಮೇಲೆ ತುಸು ಸುಧಾರಿಸಿತು. ಆದರೂ ಅದು ನಿಂತದ್ದು, ನಡೆಸಿದವರು ದಾಖಲೆ ಹುಟ್ಟುವ ಜಾಗಕ್ಕೆ ಹೋದದ್ದರಿಂದ ಎಂದೇ ನಾನು ನಂಬಿದ್ದೇನೆ.

ಆ ಜಾಗಗಳೂ ಒಂದರಂತೆ ಒಂದಿಲ್ಲ. ಬೈಲಹೊಂಗಲದ ಹಳೆಯ ಕಾಗದಗಳಲ್ಲಿ ತಾಲೂಕಿನ ಹೆಸರು ಸಂಪಗಾವಿ. ಸವದತ್ತಿಯದು ಪರಸಗಡ, ಅಲ್ಲಿ ನವಿಲುತೀರ್ಥದ ಆಣೆಕಟ್ಟಿನ ನೀರಿಗೆ ಹೋದ ಹೊಲಗಳ ಲೆಕ್ಕ ಬೇರೆಯೇ. ರಾಮದುರ್ಗ 1948ರ ತನಕ ಸಂಸ್ಥಾನ. ಕಿತ್ತೂರು ಬೈಲಹೊಂಗಲ ತಾಲೂಕಿನಲ್ಲಿದ್ದು ಆಮೇಲೆ ಬೇರೆಯಾಯಿತು. ಬೆಂಗಳೂರಿನ ಪರದೆಯಲ್ಲಿ ಇವು ಪಟ್ಟಿಯೊಂದರ ನಾಲ್ಕು ಹೆಸರು. ನಮಗೆ ನಾಲ್ಕು ಗಂಟು ದಫ್ತರ.

ಈಗ ನನ್ನ ಜಗಳದ ಕಥೆ. ನಾನು ದುಡಿದ ಕಂಪನಿಯೊಂದು, ಹೆಸರು ಬೇಡ, ಹಳ್ಳಿಯ ಸಹಕಾರಿ ಸಂಘಗಳ ಬೆಳೆಸಾಲದ ಲೆಕ್ಕಕ್ಕೆ ತಂತ್ರಾಂಶ ಮಾಡುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬಿಡುಗಡೆ, ಪ್ರತಿ ಬಿಡುಗಡೆಗೂ ಪರದೆಯಲ್ಲಿ ಏನಾದರೊಂದು ಹೊಸ ಚೆಂದ. ಜೂನ್ ತಿಂಗಳು, ಮೃಗಶಿರಾ ಮಳೆ ಬಿದ್ದು ಹೊಲ ಹದಕ್ಕೆ ಬಂದ ವೇಳೆ. ಸವದತ್ತಿ ಕಡೆಯ ಸಂಘವೊಂದರ ಸೆಕ್ರೆಟರಿಯಿಂದ ಫೋನು:

‘ಸಾಹೇಬ್ರ, ನಿನ್ನಿ ತನಾ ಇದ್ದ ಬಟನ್ ಇವತ್ತ ಎಲ್ಲಿ ಹೋತ್ರೀ? ಹೊರಗ ನಲವತ್ತ ಮಂದಿ ಬೀಜ ಗೊಬ್ಬರಕ್ಕ ನಿಂತಾರ್ರೀ. ಹದಾ ಹೋದ ಮ್ಯಾಲ ನಿಮ್ಮ ಸಾಲಾ ತಗೊಂಡು ಏನ್ಮಾಡೂದು?’

ಮರುದಿನ ನಿಂತುಕೊಂಡೇ ನಡೆಸುವ ಬೆಳಗಿನ ಸಭೆಯಲ್ಲಿ ಇದನ್ನೆತ್ತಿದೆ. ಸ್ಕ್ರಮ್ ಮಾಸ್ಟರ್ ಎಂಬ ಪದವಿಯ ಹುಡುಗ, ಒಳ್ಳೆಯ ಹುಡುಗನೇ, ‘ಸರ್, ಬ್ಯಾಕ್‌ಲಾಗಿಗೆ ಹಾಕೋಣ’ ಎಂದ. ಬ್ಯಾಕ್‌ಲಾಗ್ ಎಂದರೆ ಬಾಕಿ ಕೆಲಸಗಳ ಪಟ್ಟಿ. ಹಳೆಯ ಕಚೇರಿಗಳಲ್ಲಿ ಪೆಂಡಿಂಗ್ ಫೈಲು ಎನ್ನುತ್ತಿದ್ದರಲ್ಲ, ಅದೇ. ಇಂದೇ ಹಿಂದಿನ ಪರದೆ ವಾಪಸು ಹಾಕಿ ಎಂದು ನಾನು ಹಟ ಹಿಡಿದೆ. ಮೇಲಿನವರು, ಓಟದ ನಡುವೆ ಗುರಿ ಬದಲಿಸುವುದು ಪದ್ಧತಿಗೆ ವಿರೋಧ ಎಂದರು. ಬದಲಾವಣೆಯೇ ದೇವರೆಂದು ಸಾರುವ ಮತದಲ್ಲಿ ಈ ಒಂದು ಬದಲಾವಣೆಗೆ ಎಡೆಯಿರಲಿಲ್ಲ! ಬಟನ್ ಮರಳಿ ಬಂದದ್ದು ಮೂರು ಓಟ ಮುಗಿದ ಮೇಲೆ. ಅಷ್ಟರಲ್ಲಿ ಹೆಸರು, ಸೋಯಾಬೀನು ಬಿತ್ತಿ ಮುಗಿದಿತ್ತು. ನಮ್ಮ ಕಚೇರಿಯ ಗೋಡೆಯ ಮೇಲೆ ‘ವೆಲಾಸಿಟಿ’ ನಕ್ಷೆ ಮಾತ್ರ ಏರುತ್ತಲೇ ಇತ್ತು. ಆ ನಲವತ್ತು ಮಂದಿಯನ್ನು ಸಾಲ ಕೊಟ್ಟು ಕಳಿಸಿದ್ದು ಸೆಕ್ರೆಟರಿ ಬಗಲಲ್ಲಿಟ್ಟುಕೊಂಡಿದ್ದ ರಟ್ಟಿನ ಖಾತೆ ಪುಸ್ತಕ. ‘ಇನ್ನೂ ಪುಸ್ತಕ ಬರೀತಾರೆ’ ಎಂದು ನಮ್ಮವರು ನಗುತ್ತಿದ್ದರು. 2025ರ ಆರಂಭದಲ್ಲಿ ನೋಂದಣಿಯ ‘ಕಾವೇರಿ 2.0’ ಹೊರಗಿನ ದಾಳಿಗೆ ಸಿಕ್ಕಿ ರಾಜ್ಯದ ತುಂಬ ಖರೀದಿ ಕೆಲಸ ಕೆಟ್ಟಾಗ ನನಗೆ ಆ ರಟ್ಟಿನ ಪುಸ್ತಕವೇ ನೆನಪಾಯಿತು.

ಹಾಗಾದರೆ ಬದಲಾವಣೆ ಬೇಡವೇ? ಬೇಕು. 2018ರ ಬೆಳೆಸಾಲ ಮನ್ನಾಕ್ಕೆ ಆಧಾರ್, ರೇಷನ್ ಕಾರ್ಡು, ಸರ್ವೆ ನಂಬರುಗಳನ್ನು ಒಂದಕ್ಕೊಂದು ಜೋಡಿಸಬೇಕಾಗಿತ್ತು. ಅದನ್ನು ಎರಡು ವರ್ಷದ ವಾಟರ್‌ಫಾಲಿಗೆ ಕೊಟ್ಟಿದ್ದರೆ ರೈತ ಬಡ್ಡಿಯಲ್ಲಿ ಮುಳುಗುತ್ತಿದ್ದ. ಅಂಥ ಬದಲಾವಣೆ ಹೊಲದಿಂದ, ಕಾನೂನಿನಿಂದ ಬರುತ್ತದೆ. ಪ್ರಾಜೆಕ್ಟು ನಡೆಸುವವನು ತನ್ನ ಹದಿನೈದು ದಿನ ತುಂಬಿಸಲು ಹುಟ್ಟಿಸುವ ಬದಲಾವಣೆ ಬೇರೆ ಜಾತಿಯದು. ಎರಡನ್ನೂ ಒಂದೇ ಪಟ್ಟಿಗೆ ಹಾಕಿ ಒಂದೇ ಅಂಕ ಕೊಡುವವನನ್ನು ನಾನು ಮ್ಯಾನೇಜರ್ ಎಂದು ಒಪ್ಪಲಾರೆ. ಈಗಂತೂ ಯಂತ್ರವೇ ಕೋಡು ಬರೆಯುವ ಮತ ಬಂದಿದೆ. ವಾರದ ಕೆಲಸ ಮಧ್ಯಾಹ್ನದೊಳಗೆ ಆಗುತ್ತದಂತೆ. ಆಗಲಿ. ಹಾಗಾದರೆ ದಿನಕ್ಕೆರಡು ಬಟನ್ ಕಾಣೆಯಾಗಬಹುದು.

ನಾನು ಕೇಳುವುದು ದೊಡ್ಡದೇನಲ್ಲ. ಮುಂಗಾರಿ ಬಿತ್ತಿಗೆಯ ಜೂನಿನಲ್ಲಿ, ಹಿಂಗಾರಿ ಜೋಳ ಬಿತ್ತುವ ವೇಳೆಯಲ್ಲಿ, ಕಾನೂನು ಬದಲಾಗದ ಹೊರತು ಪರದೆಯ ಒಂದು ಗೆರೆಯನ್ನೂ ಅಲುಗಿಸಬಾರದು. ಹೊಸದನ್ನು ಬಿಡುವ ಮೊದಲು ಎರಡು ಮೂರು ತಾಲೂಕಿನ ಕೌಂಟರಿನವರು ವಾರ ಬಳಸಿ ಸಹಿ ಹಾಕಬೇಕು. ರಾಮದುರ್ಗದವನು ಬೇಡವೆಂದರೆ ಬೆಂಗಳೂರಿನಲ್ಲಿ ನಿಲ್ಲಬೇಕು. ಮಾಡಿದವನನ್ನು ಆರು ತಿಂಗಳಿಗೆ ಇನ್ನೊಂದು ಪ್ರಾಜೆಕ್ಟಿಗೆ ಎತ್ತಿಹಾಕದೆ ಒಂದು ಬೆಳೆಯಾದರೂ ಅಲ್ಲೇ ಇಟ್ಟು ಫೋನು ಎತ್ತಿಸಬೇಕು. ಇದಕ್ಕೆಲ್ಲ ಬಜೆಟ್ ಇಲ್ಲ ಎನ್ನುವವರಿಗೆ ಹೇಳುತ್ತೇನೆ: ರಾಣಿ ಚೆನ್ನಮ್ಮನ ಹೆಸರಿನ ರೈಲು ರಾತ್ರಿ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಬೆಳಗಾವಿಯಲ್ಲಿರುತ್ತದೆ. ಅಲ್ಲಿಂದ ಬೈಲಹೊಂಗಲಕ್ಕೆ ಬಸ್ಸುಗಳಿವೆ. ಸೆಕ್ರೆಟರಿ ಹತ್ತು ಗಂಟೆಗೆ ಬಾಗಿಲು ತೆಗೆಯುತ್ತಾನೆ.