ಗೃಹಚಿಂತನೆ: ಲೆಕ್ಕಕ್ಕೆ ಬಾರದ ಸಂಬಳ

ಹೊಸಕೋಟೆಗೆ ಸಮೀಪದ ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಇಂತಹ ಕಡೆಗಳಲ್ಲಿ ಎಷ್ಟೋ ಸಂಸಾರಗಳ ಮನೆಬಾಡಿಗೆ, ದಿನಸಿ, ಮಕ್ಕಳ ಶಾಲೆಯ ವೆಚ್ಚಗಳು ಗಂಡಹೆಂಡಿರಿಬ್ಬರೂ ದುಡಿದರೆ ಮಾತ್ರ ಸಾಗುವುವು. ಅಂತಹ ಒಂದು ಮನೆಯಲ್ಲಿ ಅಂಗವೈಕಲ್ಯವುಳ್ಳ ಕೂಸು ಹುಟ್ಟಿತೆಂದು ಭಾವಿಸೋಣ. ಆ ಮನೆಗೆ ಮೊದಲು ತಗಲುವ ನಷ್ಟವಾವುದು? ಔಷಧದ ವೆಚ್ಚವೆಂದು ಹಲವರು ಹೇಳುವರು. ನಮಗೆ ತೋರುವಂತೆ, ಅದಕ್ಕಿಂತ ದೊಡ್ಡದು ತಾಯಿಯ ಸಂಬಳ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆಯಿದೆ. 1980ರಲ್ಲಿ ಸ್ಥಾಪಿತವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವಿದೆ. ಆದರೆ ಪಿಲ್ಲಗುಂಪೆಯಿಂದ ಅಲ್ಲಿಗೆ 20 ಕಿಲೋಮೀಟರಿಗೂ ಮಿಕ್ಕಿದ ದಾರಿ. ಫಿಸಿಯೋಥೆರಪಿಯಾಗಲಿ ಮಾತಿನ ಅಭ್ಯಾಸವಾಗಲಿ ಒಂದೆರಡು ದಿನದಲ್ಲಿ ಫಲ ಕೊಡುವುದಲ್ಲ. ವಾರವಾರವೂ ವರ್ಷಗಟ್ಟಲೆ ನಡೆಯಬೇಕು. ಮಗುವನ್ನು ಸೊಂಟದಲ್ಲೆತ್ತಿ ಬಸ್ಸು ಹತ್ತುವವಳು ತಾಯಿಯೇ. ಅಷ್ಟು ರಜೆಯನ್ನು ಯಾವ ಕಾರ್ಖಾನೆ ಕೊಟ್ಟೀತು? ಅವಳು ಕೆಲಸ ಬಿಡುವಳು. ಖರ್ಚು ಏರುವ ಹೊತ್ತಿಗೇ ವರಮಾನ ಅರ್ಧಕ್ಕಿಳಿಯುವುದು; ಉಳಿದದ್ದನ್ನು ಸಾಲ ತುಂಬುವುದು.

ಇಷ್ಟು ಸಾಲದೆಂಬಂತೆ, ನೆಂಟರಿಷ್ಟರು ಇದು ಪೂರ್ವಕರ್ಮವೆಂದೂ ಬಸುರಿಯಲ್ಲಿ ಅವಳು ಎಚ್ಚರ ತಪ್ಪಿದಳೆಂದೂ ಆಡಿಕೊಳ್ಳುವರು. ಅವಧಿಗೆ ಮೊದಲೇ ಆದ ಹೆರಿಗೆ, ಹುಟ್ಟುವಾಗ ಪ್ರಾಣವಾಯುವಿನ ಕೊರತೆ, ತೀವ್ರವಾದ ಕಾಮಾಲೆ, ವರ್ಣತಂತುಗಳ ವ್ಯತ್ಯಾಸ ಮುಂತಾದ ಕಾರಣಗಳನ್ನು ವೈದ್ಯಶಾಸ್ತ್ರ ತಿಳಿಸುತ್ತದೆ. ಎಷ್ಟೋ ವೇಳೆ ಕಾರಣವೇ ಗೊತ್ತಾಗದು. ತಾಯಿಯ ಮೇಲೆ ಪಾಪ ಹೊರಿಸುವುದು ಅಜ್ಞಾನವಷ್ಟೇ ಅಲ್ಲ, ಕ್ರೌರ್ಯ.

ಸರ್ಕಾರದ ನೆರವು ಇಲ್ಲವೆನ್ನಲಾಗದು. 2016ರ ಕಾನೂನು 21 ಬಗೆಯ ವೈಕಲ್ಯಗಳನ್ನು ಎಣಿಸಿದೆ. ವೈಕಲ್ಯ 40 ಪಾಲಿಗೆ ಕಡಮೆಯಿಲ್ಲದ ಮಕ್ಕಳಿಗೆ 6ರಿಂದ 18 ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ರಾಜ್ಯದ ಮಾಸಾಶನವುಂಟು. ಬುದ್ಧಿವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯವುಳ್ಳವರಿಗೆ 1,00,000 ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಯುಂಟು. ಇವುಗಳಿಗೆ ಪ್ರಮಾಣಪತ್ರ ಬೇಕಾದುದರಿಂದ ಯು.ಡಿ.ಐ.ಡಿ. ಚೀಟಿಯನ್ನು ತಡಮಾಡದೆ ಮಾಡಿಸಿಕೊಳ್ಳತಕ್ಕದ್ದು. ಆದಾಯ ತೆರಿಗೆಯಲ್ಲಿಯೂ ರಿಯಾಯಿತಿಯಿದೆ. ಆದರೆ ತೆರಿಗೆ ಕಟ್ಟುವಷ್ಟು ವರಮಾನವೇ ಇಲ್ಲದ ಕೂಲಿಯವನಿಗೆ ಅದರಿಂದ ಬಂದ ಭಾಗ್ಯವೇನು? ಕಳೆದುಹೋದ ತಾಯಿಯ ಸಂಬಳವನ್ನಂತೂ ಯಾರೂ ತುಂಬಿಕೊಡುವುದಿಲ್ಲ.

ಆ ಕೊರತೆಯನ್ನು ಕೊಂಚವಾದರೂ ತುಂಬಬಲ್ಲವರು ಮನೆಯವರು ಮತ್ತು ನೆರೆಹೊರೆಯವರು. ವಾರಕ್ಕೊಂದು ದಿನ ತಂದೆಯೇ ಮಗುವನ್ನು ಚಿಕಿತ್ಸೆಗೆ ಕರೆದೊಯ್ಯಲಿ. ಅಜ್ಜಿಯೋ ಚಿಕ್ಕಮ್ಮನೋ ಅರ್ಧ ದಿನ ನೋಡಿಕೊಂಡರೆ ತಾಯಿಗೆ ಅರ್ಧ ದಿನದ ಕೆಲಸವಾದರೂ ದೊರೆತೀತು. ಮದುವೆ ಮುಂಜಿಗಳಿಗೆ ಕರೆಯುವಾಗ ‘ಮಗುವನ್ನೂ ಕರೆತನ್ನಿ’ ಎಂದು ಬಾಯಿತುಂಬ ಹೇಳಿರಿ.

‘ನಮ್ಮ ತರುವಾಯ ಇವನ ಗತಿಯೇನು?’ ಎಂಬ ಚಿಂತೆ ತಾಯಿತಂದೆಗಳನ್ನು ಇರುಳೆಲ್ಲ ಕೊರೆಯುವುದು. 1999ರ ರಾಷ್ಟ್ರೀಯ ನ್ಯಾಸ ಕಾನೂನಿನಂತೆ, ಮೇಲೆ ಹೇಳಿದ ನಾಲ್ಕು ವೈಕಲ್ಯಗಳುಳ್ಳವರಿಗೆ 18 ವಯಸ್ಸಿನ ಬಳಿಕವೂ ಪಾಲಕರನ್ನು ನೇಮಿಸುವಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬಹುದು. ಕಾಗದದ ಮೇಲೆ ಪಾಲಕನನ್ನು ನೇಮಿಸುವುದು ಸಮಿತಿಯ ಕೆಲಸ; ಆ ಭಾರವನ್ನು ಒಪ್ಪಿಕೊಳ್ಳುವ ಅಣ್ಣನನ್ನೋ ತಂಗಿಯನ್ನೋ ಇಂದಿನಿಂದಲೇ ಸಿದ್ಧಗೊಳಿಸುವುದು ಮನೆಯ ಕೆಲಸ.