ವೈದ್ಯನ ಬಲಗೈ: ಕಂಪೌಂಡರನಿಂದ ಫಿಜಿಷಿಯನ್ ಅಸಿಸ್ಟೆಂಟನವರೆಗೆ

ವೈದ್ಯವೃತ್ತಿಯು ವೈದ್ಯನೊಬ್ಬನಿಂದಲೇ ನಡೆದುದು ಯಾವ ಕಾಲದಲ್ಲಿಯೂ ಇಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೆ ಉಪಚಾರದ ಅರಿವಿರಬೇಕು, ದಕ್ಷತೆ ಇರಬೇಕು, ರೋಗಿಯಲ್ಲಿ ಪ್ರೀತಿ ಇರಬೇಕು, ಶುಚಿತ್ವವಿರಬೇಕು ಎಂದು ಅವನ ಗುಣಗಳನ್ನೂ ಅದು ಎಣಿಸಿಟ್ಟಿದೆ. ಇಷ್ಟು ಹಿಂದೆಯೇ ಗುಣಗಳನ್ನು ಎಣಿಸಿದ ನಾಡು, ಆ ಗುಣಗಳುಳ್ಳ ಮನುಷ್ಯನಿಗೆ ಒಂದು ಸ್ಥಾನವನ್ನು ಗೊತ್ತುಮಾಡಿಕೊಡಲು ಮಾತ್ರ ಬಹುಕಾಲ ಮನಸ್ಸು ಮಾಡಲಿಲ್ಲ.

ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿಯೂ, ಮಹಾಪೆಯ ಕೈಗಾರಿಕಾ ವಲಯದ ಸುತ್ತಲಿನ ನವಿ ಮುಂಬಯಿಯ ಬಡಾವಣೆಗಳಲ್ಲಿಯೂ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ಇಂದು ಬರಿಯ ಪಾಂಡಿತ್ಯದ ಮಾತಾಗಿ ಉಳಿದಿಲ್ಲ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ಪಡೆದರೂ ಎಂ.ಬಿ.ಬಿ.ಎಸ್. ಸೀಟು ಕೈಗೆಟುಕದೆ ನಿಂತ ಮಕ್ಕಳ ಮುಂದೆ ‘ಫಿಜಿಷಿಯನ್ ಅಸಿಸ್ಟೆಂಟ್’ ಎಂಬ ವ್ಯಾಸಂಗದ ಹೆಸರು ಬಂದು ನಿಲ್ಲುತ್ತಿದೆ. ಹೋಟೆಲಿನ ಗಲ್ಲೆಯ ಮೇಲೆ ಕುಳಿತೋ, ಕಾರ್ಖಾನೆಯ ಮೂರು ಪಾಳಿಗಳಲ್ಲಿ ದುಡಿದೋ ಉಳಿಸಿದ ಹಣವನ್ನು ನಾಲ್ಕು ವರ್ಷಗಳ ಫೀಸಿಗೆ ತೆಗೆದಿರಿಸಬೇಕಾದ ತಂದೆಗೆ, ‘ಇದು ಡಾಕ್ಟರಿಕೆಯೋ, ನರ್ಸಿಂಗೋ, ಅಥವಾ ಹಳೆಯ ಕಂಪೌಂಡರಿಕೆಗೇ ಇಟ್ಟ ಹೊಸ ಹೆಸರೋ?’ ಎಂಬ ಸಂದೇಹ ಬರುವುದು ಸಹಜ. ಅವನ ಸಂದೇಹದಲ್ಲಿ ಅವನಿಗೇ ತಿಳಿಯದಷ್ಟು ಚರಿತ್ರೆ ಅಡಗಿದೆ.

ಕಂಪೌಂಡರನಿಂದಲೇ ಆರಂಭಿಸುವುದು ಲೇಸು. ಏಕೆಂದರೆ ಮುಂಬಯಿಯ ಹಿರಿಯ ಕನ್ನಡಿಗರಲ್ಲಿ ಅವನನ್ನು ಕಾಣದವರಿಲ್ಲ. ದವಾಖಾನೆಯ ಮರದ ಅಡ್ಡಗೋಡೆಯ ಕಿಂಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಮನೆಯಿಂದ ತಂದ ಬಾಟಲಿಗೆ ಕೆಂಪು ಮಿಕ್ಸ್‌ಚರ್ ತುಂಬಿ, ಎಷ್ಟು ಹೊತ್ತಿಗೆ ಎಷ್ಟು ಎಂಬುದು ಓದು ಬಾರದವನಿಗೂ ತಿಳಿಯುವಂತೆ ಕಾಗದದ ಪಟ್ಟಿಯನ್ನು ಕತ್ತರಿಸಿ ಬಾಟಲಿಯ ಮೈಗೆ ಅಂಟಿಸುತ್ತಿದ್ದವನು ಅವನೇ. ಪುಡಿಯನ್ನು ಪೊಟ್ಟಣ ಕಟ್ಟುತ್ತಿದ್ದವನು, ಹುಣ್ಣು ತೊಳೆದು ಪಟ್ಟಿ ಹಾಕುತ್ತಿದ್ದವನು, ಸೂಜಿಯನ್ನು ಕುದಿಸಿ ಸಿದ್ಧಮಾಡುತ್ತಿದ್ದವನು ಅವನು. ಡಾಕ್ಟರು ಮರಾಠಿಯವರೋ ಗುಜರಾತಿಯವರೋ ಆಗಿದ್ದಲ್ಲಿ, ಊರಿನಿಂದ ಹೊಸತಾಗಿ ಬಂದ ತುಳು-ಕನ್ನಡದ ಹೊಟ್ಟೆನೋವನ್ನು ಅವರ ಭಾಷೆಗೆ ದಾಟಿಸುವ ಕೆಲಸವೂ ಅವನ ಪಾಲಿಗೇ ಬರುತ್ತಿತ್ತು. ಯಾವ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗುವಿಗೆ ಯಾವ ಔಷಧ ಒಗ್ಗದು ಎಂಬ ಲೆಕ್ಕವೆಲ್ಲ ಅವನ ನೆನಪಿನಲ್ಲಿರುತ್ತಿತ್ತು. ಇಷ್ಟಾದರೂ ಡಾಕ್ಟರು ತೀರಿಕೊಂಡು ದವಾಖಾನೆಯ ಬಾಗಿಲು ಮುಚ್ಚಿದ ದಿನ ಅವನ ಕೈಯಲ್ಲಿ ಒಂದು ಸರ್ಟಿಫಿಕೇಟೂ ಇರುತ್ತಿರಲಿಲ್ಲ.

ಕಾನೂನು ಅವನನ್ನು ಕಂಡುದು ಅರ್ಧ ಮಾತ್ರ. 1948ರ ಫಾರ್ಮಸಿ ಕಾಯ್ದೆ ಔಷಧ ಬೆರೆಸುವ ಕೆಲಸವನ್ನು ಒಂದು ವೃತ್ತಿಯೆಂದು ಗುರುತಿಸಿತು. ಮೊದಲ ನೋಂದಣಿ ಪಟ್ಟಿಗೆ, ಕನಿಷ್ಠ ಐದು ವರ್ಷ ಆ ಕೆಲಸ ಮಾಡಿದವರನ್ನೂ ಸೇರಿಸಿಕೊಳ್ಳಲು ಅವಕಾಶವಿತ್ತಿತು. ಆದರೆ ಡಾಕ್ಟರು ತನ್ನ ರೋಗಿಗಳಿಗೆ ತಾನೇ ಔಷಧ ಕೊಡುವುದನ್ನು ಅದೇ ಕಾಯ್ದೆ ನಿರ್ಬಂಧದಿಂದ ಹೊರಗಿಟ್ಟಿತು. ಹೀಗಾಗಿ ಖಾಸಗಿ ದವಾಖಾನೆಯ ಕಂಪೌಂಡರ ಡಾಕ್ಟರ ನೆರಳಿನಲ್ಲಿಯೇ ಉಳಿದ. ಅವನ ಬೆರೆಸುವ ಕೈಗೆ ಕ್ರಮೇಣ ಫಾರ್ಮಸಿಸ್ಟನೆಂಬ ಹೆಸರು ಸಿಕ್ಕಿತು. ಪಟ್ಟಿ ಕಟ್ಟುವ, ನಾಡಿ ನೋಡುವ, ರೋಗಿಯ ಮಾತು ಕೇಳುವ ಕೈಗೆ ಯಾವ ಹೆಸರೂ ಸಿಗಲಿಲ್ಲ. ಹೆಸರಿಲ್ಲದ ವಿದ್ಯೆಗೆ ಎರಡೇ ದಾರಿ. ಒಳ್ಳೆಯವನು ಅದನ್ನು ತನ್ನೊಡನೆ ಊರಿಗೆ ಒಯ್ದು ಮರೆತ. ಆಸೆಬುರುಕನು ಜೋಪಡಿಗಳ ನಡುವೆ ಬೋರ್ಡು ಬರೆಸಿ ತಾನೇ ಡಾಕ್ಟರನಾದ. ಈ ಎರಡನೆಯವನಿಂದ ಬಡವರಿಗಾದ ಅನ್ಯಾಯವನ್ನು ಯಾರೂ ಕಡಿಮೆಯೆಂದು ಎಣಿಸಬಾರದು.

ಸರಕಾರದ ಆಸ್ಪತ್ರೆಗಳಲ್ಲಿ ಇದಕ್ಕಿಂತಲೂ ಹಳೆಯ ಒಂದು ಪರಂಪರೆಯಿತ್ತು. ಕುಂಪಣಿ ಸರಕಾರವು ತನ್ನ ಸೈನ್ಯಕ್ಕೆ ದೇಶೀಯ ಸಹಾಯಕರನ್ನು ಒದಗಿಸಿಕೊಳ್ಳಲು 1822ರಲ್ಲಿ ಕಲಕತ್ತೆಯಲ್ಲಿ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್ ಎಂಬ ಶಾಲೆಯನ್ನು ತೆರೆಯಿತು. ಮುಂಬಯಿಯಲ್ಲಿಯೂ 1826ರಲ್ಲಿ ಅಂಥದೊಂದು ಶಾಲೆ ಡಾ. ಜಾನ್ ಮೆಕ್‌ಲೆನನ್ ಅವರ ಕೈಕೆಳಗೆ ಆರಂಭವಾಗಿ, ದೇಶಭಾಷೆಗಳಲ್ಲಿ ವೈದ್ಯ ಕಲಿಸಿ, 1832ರಲ್ಲಿ ಮುಚ್ಚಿತು. ಕಲಕತ್ತೆಯದೂ 1835ರಲ್ಲಿ ರದ್ದಾಯಿತು. ಬಳಿಕ 1845ರಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜು ಬಂದರೂ ಅಲ್ಲಿಂದ ಹೊರಬಂದ ಪದವೀಧರರು ಹಳ್ಳಿಯ ದವಾಖಾನೆಗಳಿಗೆ ಸಾಲಲಿಲ್ಲ. ಆದುದರಿಂದ ಹಾಸ್ಪಿಟಲ್ ಅಸಿಸ್ಟೆಂಟರೆಂಬ ವರ್ಗವನ್ನು ತಯಾರಿಸುವ ಮೆಡಿಕಲ್ ಸ್ಕೂಲುಗಳು ಬೇಕಾದುವು. ಪುಣೆಯ ಬೈರಾಮ್‌ಜಿ ಜೀಜೀಭಾಯಿ ಮೆಡಿಕಲ್ ಸ್ಕೂಲು ಅಂಥವುಗಳಲ್ಲಿ ಒಂದು. ಅಂದು ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಮುಂಬಯಿ ಪ್ರಾಂತಕ್ಕೇ ಸೇರಿದ್ದುವೆಂಬುದನ್ನು ನೆನೆದರೆ ಈ ಶಾಲೆಗಳ ಚರಿತ್ರೆ ಕನ್ನಡಿಗರಿಗೆ ಹೊರಗಿನದಲ್ಲ. ಆ ಭಾಗಕ್ಕೆ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ದೊರೆತುದು 1957ರಲ್ಲಿ.

ಹಾಸ್ಪಿಟಲ್ ಅಸಿಸ್ಟೆಂಟನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಬ್-ಅಸಿಸ್ಟೆಂಟ್ ಸರ್ಜನ್ ಆದ. ಮೆಡಿಕಲ್ ಸ್ಕೂಲಿನಲ್ಲಿ ಓದಿದವರು ಎಲ್.ಎಂ.ಪಿ., ಎಂದರೆ ಲೈಸೆನ್ಶಿಯೇಟರು, ಎನಿಸಿದರು. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ವರದಿ ಒಪ್ಪಿಸಿದಾಗ ದೇಶದಲ್ಲಿ ನೋಂದಾಯಿತ ವೈದ್ಯರ ಸಂಖ್ಯೆ 47,524. ಅವರಲ್ಲಿ 29,870 ಮಂದಿ ಈ ಲೈಸೆನ್ಶಿಯೇಟರೇ. ಐವರಲ್ಲಿ ಮೂವರಿಗಿಂತ ಹೆಚ್ಚು! ಸ್ವತಂತ್ರ ಭಾರತದಲ್ಲಿ ಎರಡು ದರ್ಜೆಯ ವೈದ್ಯರಿರಕೂಡದು, ಪದವಿ ಪಡೆದ ಒಂದೇ ಬಗೆಯ ‘ಮೂಲ ವೈದ್ಯ’ ಸಾಕು ಎಂದು ಸಮಿತಿಯ ಬಹುಮತ ಬಯಸಿತು. ವೈದ್ಯರ ಕೊರತೆ ಇಷ್ಟಿರುವಾಗ ಲೈಸೆನ್ಶಿಯೇಟ್ ವ್ಯಾಸಂಗವನ್ನು ಸದ್ಯಕ್ಕೆ ಉಳಿಸಬೇಕೆಂದು ಕೆಲವು ಸದಸ್ಯರು ಭಿನ್ನಮತವನ್ನು ಬರೆದಿಟ್ಟರು. ನಡೆದುದು ಬಹುಮತದಂತೆಯೇ. ಪುಣೆಯ ಸ್ಕೂಲು ಅದೇ 1946ರಲ್ಲಿ ಕಾಲೇಜಾಯಿತು.

ಬಹುಮತದ ಉದ್ದೇಶ ಉದಾತ್ತವಾದುದು. ಬಡವನಿಗೆ ಅರೆಬರೆ ವೈದ್ಯ, ಧನಿಕನಿಗೆ ಪೂರ್ಣ ವೈದ್ಯ ಎಂಬ ಭೇದ ಯಾರಿಗೆ ಪ್ರಿಯ? ಆದರೆ ಕೆಳಗಿನ ಮೆಟ್ಟಲನ್ನು ಕಿತ್ತುಹಾಕಿದ ಮಾತ್ರಕ್ಕೆ ಎಲ್ಲರೂ ಮೇಲಿನ ಮೆಟ್ಟಲನ್ನು ಏರಿಬಿಡುವುದಿಲ್ಲ. ಪದವೀಧರ ವೈದ್ಯನು ನಗರದಲ್ಲಿ ನಿಂತ. ಹಳ್ಳಿಯಲ್ಲಿ ತೆರವಾದ ಜಾಗದಲ್ಲಿ ಯಾವ ಶಾಲೆಯನ್ನೂ ಕಾಣದವನು ಸೂಜಿ ಹಿಡಿದು ಕುಳಿತ.

ನಾವು ಸಹಾಯಕನನ್ನು ಕಳುಹಿಸಿಕೊಟ್ಟ ಇಪ್ಪತ್ತು ವರ್ಷಗಳೊಳಗೆ ಅಮೆರಿಕ ಅವನನ್ನು ಹುಡುಕತೊಡಗಿತು. ಉತ್ತರ ಕೆರೊಲೈನಾ ರಾಜ್ಯದ ಗಾರ್ಲಂಡ್ ಎಂಬ ಸಣ್ಣ ಊರಿನಲ್ಲಿ ಡಾ. ಏಮಸ್ ಜಾನ್‌ಸನ್ ಎಂಬ ವೈದ್ಯರಿದ್ದರು. ಅವರ ಬಳಿ ಹೆನ್ರಿ ಟ್ರೆಡ್‌ವೆಲ್, ‘ಬಡ್ಡಿ’ ಎಂದೇ ಎಲ್ಲರೂ ಕರೆಯುತ್ತಿದ್ದ ಕರಿಯ ಜನಾಂಗದ ಸಹಾಯಕರೊಬ್ಬರು ವರ್ಷಗಟ್ಟಲೆ ದುಡಿದು, ಡಾಕ್ಟರ ಕೈಯಿಂದಲೇ ಕೆಲಸ ಕಲಿತು, ಅವರು ಊರಿನಲ್ಲಿಲ್ಲದಾಗಲೂ ದವಾಖಾನೆ ನಿಲ್ಲದಂತೆ ನೋಡಿಕೊಳ್ಳುತ್ತಿದ್ದರು. ನಮ್ಮ ಕಂಪೌಂಡರನ ಸಹೋದರನೆಂದರೆ ತಪ್ಪಾಗದು. ಭೇದವಿಷ್ಟೆ: ಈ ಕೆಲಸವನ್ನು ಡ್ಯೂಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಗಮನಿಸಿದರು. ಅಲ್ಲಿನ ಡಾ. ಯೂಜೀನ್ ಸ್ಟೆಡ್ ಮೊದಲು ಅನುಭವವುಳ್ಳ ದಾದಿಯರಿಗೆ ಉನ್ನತ ಶಿಕ್ಷಣವಿತ್ತು ಈ ಸ್ಥಾನಕ್ಕೆ ತರಲು ಪ್ರಯತ್ನಿಸಿದ್ದರು. ದಾದಿಯರ ಶಿಕ್ಷಣವನ್ನು ನಿಯಂತ್ರಿಸುವ ಸಂಸ್ಥೆ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಆಗ ಅವರ ದೃಷ್ಟಿ ನೌಕಾದಳದಿಂದ ಬಿಡುಗಡೆಯಾಗಿ ಬಂದ ವೈದ್ಯಕೀಯ ಸಿಪಾಯಿಗಳ ಮೇಲೆ ಬಿತ್ತು. ದಳದಲ್ಲಿ ಗಾಯಾಳುಗಳನ್ನು ಬದುಕಿಸಿದವರಿಗೆ ನಾಗರಿಕ ಆಸ್ಪತ್ರೆಯಲ್ಲಿ ಅದಕ್ಕೆ ತಕ್ಕ ಕೆಲಸವೇ ಇರಲಿಲ್ಲ. 1965ರಲ್ಲಿ ಅಂಥ ನಾಲ್ವರನ್ನು ಸೇರಿಸಿಕೊಂಡು ಎರಡು ವರ್ಷಗಳ ಶಿಕ್ಷಣ ಆರಂಭವಾಯಿತು; 1967ರ ಅಕ್ಟೋಬರ್ 6ರಂದು ಮೂವರು ತೇರ್ಗಡೆಯಾದರು. ಎರಡು ವರ್ಷಗಳ ಬಳಿಕ ಡಾ. ರಿಚರ್ಡ್ ಸ್ಮಿತ್ ವಾಷಿಂಗ್‌ಟನ್ ರಾಜ್ಯದಲ್ಲಿ ‘ಮೆಡೆಕ್ಸ್’ ಎಂಬ ಯೋಜನೆಯನ್ನು ಹೂಡಿ, ಕಲಿಯುವವರನ್ನು ಹಳ್ಳಿಗಾಡಿನ ವೈದ್ಯರ ಬಳಿಯೇ ಇರಿಸಿ ಕೆಲಸ ಕಲಿಸಿದರು.

ಮೂವರು ತೇರ್ಗಡೆಯಾದುದು ದೊಡ್ಡ ಸಂಗತಿಯಲ್ಲ. ಅನಂತರ ನಡೆದುದನ್ನು ನೋಡಬೇಕು. 1968ರಲ್ಲಿಯೇ ಅವರ ವೃತ್ತಿಸಂಘ ಹುಟ್ಟಿತು. ರಾಜ್ಯಗಳು ಒಂದೊಂದಾಗಿ ತಮ್ಮ ವೈದ್ಯವೃತ್ತಿ ಕಾಯ್ದೆಗಳನ್ನು ತಿದ್ದಿ ಅವರಿಗೆ ಎಡೆ ಮಾಡಿದುವು. 1973ರಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ ಆರಂಭವಾಯಿತು. ಸಹಾಯಕನು ಯಾರ ಮೇಲ್ವಿಚಾರಣೆಯಲ್ಲಿ ಏನು ಮಾಡಬಹುದು, ಏನು ಮಾಡಕೂಡದು ಎಂಬುದು ಬರೆಹದಲ್ಲಿ ಬಂತು. ನಮ್ಮ ಕಂಪೌಂಡರನಿಗೆ ಎಂದೂ ಸಿಗದಿದ್ದುದು ಈ ಬರೆಹವೇ.

ಭಾರತದಲ್ಲಿ ಈ ವೃತ್ತಿ ತನ್ನ ಇಂಗ್ಲಿಷ್ ಹೆಸರಿನಲ್ಲಿ ಕಾಣಿಸಿಕೊಂಡುದು 1992ರಲ್ಲಿ; ಖ್ಯಾತ ಹೃದಯ ಶಸ್ತ್ರವೈದ್ಯ ಡಾ. ಕೆ. ಎಂ. ಚೆರಿಯನ್ ಅವರ ಪ್ರಯತ್ನದಿಂದ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ. ಇಲ್ಲೊಂದು ವಿಚಿತ್ರವಿದೆ. ಅಮೆರಿಕದಲ್ಲಿ ಹಳ್ಳಿಯ ವೈದ್ಯನ ಹೊರೆ ಇಳಿಸಲೆಂದು ಮೊಳೆತ ವೃತ್ತಿ, ನಮ್ಮಲ್ಲಿ ಮಹಾನಗರದ ಹೃದಯ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮೊಳೆಯಿತು. ಶಸ್ತ್ರಚಿಕಿತ್ಸೆಯಲ್ಲಿ ಕೈಜೋಡಿಸಲು, ತೀವ್ರ ನಿಗಾ ಘಟಕದಲ್ಲಿ ಕಣ್ಣಿಡಲು ನುರಿತ ಸಹಾಯಕರು ಬೇಕಿದ್ದರು, ನಿಜ. ದಕ್ಷಿಣದ ಇತರ ಆಸ್ಪತ್ರೆಗಳೂ, ಮಣಿಪಾಲದಂಥ ವಿದ್ಯಾಕೇಂದ್ರಗಳೂ ವ್ಯಾಸಂಗವನ್ನು ಕೈಗೊಂಡುವು. ಆದರೆ ಹಳ್ಳಿಯ ತೆರವು ತೆರವಾಗಿಯೇ ಉಳಿಯಿತು.

ಹಳ್ಳಿಗಾಗಿ ನಡೆದ ಪ್ರಯತ್ನಗಳ ಗತಿ ಬೇರೆ. ಛತ್ತೀಸಗಢ ರಾಜ್ಯವು 2001ರಲ್ಲಿ ಮೂರು ವರ್ಷಗಳ ವೈದ್ಯಶಿಕ್ಷಣವನ್ನು ಆರಂಭಿಸಿ, ಕೆಲವೇ ವರ್ಷಗಳಲ್ಲಿ ವಿರೋಧಕ್ಕೂ ದಾವೆಗಳಿಗೂ ಸಿಲುಕಿ ನಿಲ್ಲಿಸಿತು. ಕಲಿತು ಬಂದವರು ಗ್ರಾಮೀಣ ವೈದ್ಯ ಸಹಾಯಕರೆಂದು ನೇಮಕಗೊಂಡರು. ಸಾಮಾನ್ಯ ಕಾಯಿಲೆಗಳನ್ನು ಗುರುತಿಸಿ ಉಪಚರಿಸುವುದರಲ್ಲಿ ಅವರು ಪ್ರಾಥಮಿಕ ಆರೋಗ್ಯ ಕೇಂದ್ರದ ಪದವೀಧರ ವೈದ್ಯರಿಗೆ ಹಿಂದೆ ಬೀಳಲಿಲ್ಲವೆಂದು ಅಲ್ಲಿಯೇ ನಡೆದ ಅಧ್ಯಯನ ತೋರಿಸಿತು. ಇಂಥದೇ ವ್ಯಾಸಂಗಕ್ಕೆಂದು ಅಸ್ಸಾಂ ಮಾಡಿದ 2004ರ ಕಾಯ್ದೆಯನ್ನು, ಅದು ಕೇಂದ್ರದ ಅಧಿಕಾರವ್ಯಾಪ್ತಿಗೆ ಕೈಹಾಕಿದೆಯೆಂಬ ಕಾರಣದಿಂದ, ಸರ್ವೋಚ್ಚ ನ್ಯಾಯಾಲಯ 2023ರ ಜನವರಿಯಲ್ಲಿ ರದ್ದುಪಡಿಸಿತು. ಡಿಪ್ಲೊಮಾ ಪಡೆದವರಿಗಾಗಿ ಆ ರಾಜ್ಯ 2015ರಲ್ಲಿ ಮಾಡಿದ ಮತ್ತೊಂದು ಕಾಯ್ದೆಯನ್ನು ನ್ಯಾಯಾಲಯ ಎತ್ತಿಹಿಡಿದುದರಿಂದ ಅವರು ಬೀದಿಗೆ ಬೀಳಲಿಲ್ಲ. ಓದಿದವನ ತಪ್ಪೇನೂ ಇಲ್ಲದೆ ಅವನ ಓದಿನ ಕೆಳಗಿನ ನೆಲವೇ ಹೀಗೆ ಅಲುಗಾಡುವುದಾದರೆ, ಡೊಂಬಿವಲಿಯ ತಂದೆ ಹಿಂಜರಿದುದರಲ್ಲಿ ಆಶ್ಚರ್ಯವೇನು?

ಈಗ ನೆಲ ಸ್ವಲ್ಪ ಗಟ್ಟಿಯಾಗಿದೆ. ಸಹವರ್ತಿ ಮತ್ತು ಆರೋಗ್ಯಪಾಲನಾ ವೃತ್ತಿಗಳ ಬಗೆಗೆ ಸಂಸತ್ತು 2021ರಲ್ಲಿ ಮಾಡಿದ ಕಾಯ್ದೆಯ ಅನುಸೂಚಿಯಲ್ಲಿ ‘ಫಿಜಿಷಿಯನ್ ಅಸೋಸಿಯೇಟ್’ ಎಂಬ ಹೆಸರು ಸೇರಿದೆ. ಪದವಿಯ ಮಟ್ಟದ ಆರೋಗ್ಯಪಾಲಕನಿಗೆ ಕನಿಷ್ಠ 3,600 ಗಂಟೆಗಳ ಶಿಕ್ಷಣ ಬೇಕೆಂದು ಅದು ವಿಧಿಸುತ್ತದೆ. ರಾಷ್ಟ್ರೀಯ ಆಯೋಗವೂ ರಾಜ್ಯ ಪರಿಷತ್ತುಗಳೂ ನೋಂದಣಿ ನಡೆಸಬೇಕೆನ್ನುತ್ತದೆ. ನೂರೆಂಟು ಕೊರತೆಗಳಿದ್ದರೂ, ಬೆಲೆಯುಳ್ಳ ಮೊದಲ ಬರೆಹ ಇದು. ಆದರೆ ಹೆಸರಿನಲ್ಲಿಯೇ ಒಂದು ತೊಡಕು ಉಳಿಯಿತು. ಅಸಿಸ್ಟೆಂಟ್ ಎಂದರೆ ಸಹಾಯಕ. ಅಸೋಸಿಯೇಟ್ ಎಂದರೆ ಜೊತೆಗಾರ. ಅಮೆರಿಕದ ವೃತ್ತಿಸಂಘ 2021ರಲ್ಲಿ ಎರಡನೆಯದನ್ನು ಆರಿಸಿಕೊಂಡಿತು. ಬ್ರಿಟನ್ನಿನಲ್ಲಿ ಅದಾಗಲೇ ಅಸೋಸಿಯೇಟ್ ಎನಿಸಿದ್ದವರನ್ನು ರೋಗಿಗಳು ಡಾಕ್ಟರೆಂದೇ ಭ್ರಮಿಸಿದ ಪ್ರಸಂಗಗಳು ನಡೆದು, ದೊಡ್ಡ ವಿವಾದವೆದ್ದು, ಪರಿಶೀಲನೆಗೆ ನೇಮಕವಾದ ಪ್ರೊಫೆಸರ್ ಲೆಂಗ್ ಅವರ 2025ರ ವರದಿ ‘ಅಸಿಸ್ಟೆಂಟ್’ ಎಂಬ ಹಳೆಯ ಹೆಸರಿಗೇ ಮರಳಿರೆಂದಿತು. ರೋಗನಿರ್ಣಯವಾಗದ ರೋಗಿಗಳನ್ನು ಅವರು ಸಾಮಾನ್ಯವಾಗಿ ನೋಡಕೂಡದೆಂದೂ ಹೇಳಿತು. ಕನ್ನಡದಲ್ಲಿ ‘ವೈದ್ಯ ಸಹಾಯಕ’ ಎನ್ನುವುದೇ ಸರಿ. ‘ಅರ್ಧ ಡಾಕ್ಟರ್’ ಎಂದು ಕೆಲವು ದಲ್ಲಾಳಿಗಳು ಹೇಳಿಕೊಳ್ಳುವ ಮಾತು ವಿದ್ಯಾರ್ಥಿಗೂ ರೋಗಿಗೂ ಸಮಾನವಾಗಿ ಕೇಡು ತರುವಂಥದು.

ಹಾಗಿರಲಾಗಿ, ಫೀಸು ಕಟ್ಟುವ ಮೊದಲು ತಂದೆತಾಯಿಗಳು ಕೇಳಿ ತಿಳಿಯಬೇಕಾದುದಿದೆ. ವ್ಯಾಸಂಗಕ್ಕೆ ಯಾವ ವಿಶ್ವವಿದ್ಯಾಲಯದ ಪದವಿ? ಅದು 2021ರ ಕಾಯ್ದೆಯ ನೋಂದಣಿಗೆ ಅರ್ಹವೇ? ಕಲಿಸುವ ಸಂಸ್ಥೆಗೆ ತನ್ನದೇ ಆಸ್ಪತ್ರೆ ಇದೆಯೇ, ಹೊರರೋಗಿಗಳ ವಿಭಾಗದಲ್ಲಿ ಮಗಳು ಎಷ್ಟು ತಿಂಗಳು ನಿಲ್ಲುತ್ತಾಳೆ? ಹಿಂದೆ ಕಲಿತು ಹೋದವರು ಈಗ ಎಲ್ಲಿದ್ದಾರೆ, ಯಾವ ಹುದ್ದೆಯ ಹೆಸರಿನಲ್ಲಿ ಸಂಬಳ ಪಡೆಯುತ್ತಾರೆ? ಕಡೆಯ ಪ್ರಶ್ನೆಗೆ ಉತ್ತರ ತಡವರಿಸಿದಲ್ಲಿ ಹಣವನ್ನು ಗಂಟಿನಲ್ಲಿಯೇ ಇಟ್ಟುಕೊಳ್ಳುವುದು ಜಾಣತನ. ಉತ್ತರ ನೇರವಾಗಿದ್ದಲ್ಲಿ, ಎಂ.ಬಿ.ಬಿ.ಎಸ್. ದೊರೆಯಲಿಲ್ಲವೆಂದು ಮಗುವಿನ ಮುಂದೆ ನಿಟ್ಟುಸಿರುಬಿಡದೆ ಕಳುಹಿಸಿಕೊಡಬೇಕು. ಇದು ಸೋತವರು ಬೀಳುವ ಹಳ್ಳವಲ್ಲ, ತನ್ನದೇ ಶಿಸ್ತುಳ್ಳ ವಿದ್ಯೆ.

ರೋಗಿಗೂ ತನ್ನ ಮೈ ಮುಟ್ಟುವವರು ಯಾರೆಂದು ಕೇಳುವ ಹಕ್ಕಿದೆ. ಕನ್ನಡ ಸಂಘಗಳು ವರ್ಷವರ್ಷವೂ ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ. ಹೊರಗಿನ ಫಲಕದಲ್ಲಿ ಡಾಕ್ಟರುಗಳ ಹೆಸರು ಪದವಿಸಹಿತ ದೊಡ್ಡಕ್ಷರದಲ್ಲಿರುತ್ತದೆ; ರಕ್ತದೊತ್ತಡ ಅಳೆದು, ಹಿಂದಿನ ಕಾಯಿಲೆಗಳನ್ನು ಕೇಳಿ ಬರೆದುಕೊಂಡು, ಸಾಲಿನಲ್ಲಿ ನಿಂತ ಅಜ್ಜಿಯನ್ನು ಮಾತನಾಡಿಸಿ ಧೈರ್ಯ ಹೇಳುವವರ ಹೆಸರು ಎಲ್ಲಿಯೂ ಇರುವುದಿಲ್ಲ. ಬರುವ ವರ್ಷದ ಶಿಬಿರದ ಫಲಕದಲ್ಲಿ ಅವರ ಹೆಸರು, ಅವರು ಕಲಿತ ವಿದ್ಯೆ, ಅವರು ಯಾವ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಾರೆಂಬುದು ಡಾಕ್ಟರ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ. ಇದಕ್ಕೆ ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲ. ಬಣ್ಣ ಬಳಿಯುವವನಿಗೆ ಇನ್ನು ನಾಲ್ಕು ಸಾಲಿನ ಕೂಲಿ ಕೊಟ್ಟರಾಯಿತು.